ಹಬ್ಬದ ಉಡುಗೊರೆಗೆ ಕಾಗದದ ಸಿಂಗಾರ: ಕೈಯಾರೆ ಮಾಡಿ, ಕೈಯಾರೆ ಕೊಡಿ

ಗೌರಿ-ಗಣೇಶ ಹಬ್ಬದಿಂದ ಆರಂಭಗೊಂಡು ನವರಾತ್ರಿ, ದೀಪಾವಳಿಗಳನ್ನು ದಾಟಿ ಮಕರ ಸಂಕ್ರಾಂತಿಯವರೆಗೆ ನಮ್ಮ ಮನೆಗಳಲ್ಲಿ ಕೊಡು-ಕೊಳ್ಳುವ ಕಾಲ. ಗೌರಿಗೆ ಬಾಗಿನ, ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಮಕ್ಕಳಿಗೆ ಬೊಂಬೆ ಬಾಗಿನ, ದೀಪಾವಳಿಗೆ ಸಿಹಿತಿಂಡಿಯ ಪೆಟ್ಟಿಗೆ, ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣ, ಹೀಗೆ ಪ್ರತಿ ಹಬ್ಬಕ್ಕೂ ಒಂದು ಕಾಣಿಕೆ ಇದ್ದೇ ಇರುತ್ತದೆ. ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇವುಗಳಲ್ಲಿ ಬಹುಪಾಲನ್ನು ಇಂದಿಗೂ ನಡೆಸಿಕೊಂಡು ಬಂದಿವೆ. ಆದರೆ ಕಾಣಿಕೆಯ ಮೇಲಿನ ಹೊದಿಕೆ ಮಾತ್ರ ಬಹುತೇಕ ಅಂಗಡಿಯದಾಗಿದೆ. ಮಿರುಗುವ ಹಾಳೆ, ಪ್ಲಾಸ್ಟಿಕ್ ರಿಬ್ಬನ್ನಿನ ಹೂವು, ಮುದ್ರಿತ ಹೆಸರುಚೀಟಿ, ಇವುಗಳಲ್ಲಿ ಕೊಟ್ಟವರ ಕೈಯ ಗುರುತು ಯಾವುದೂ ಇರುವುದಿಲ್ಲ.

ಅದೇ ಹೊದಿಕೆಯನ್ನು ಮನೆಯಲ್ಲಿಯೇ ಕಾಗದದ ಹೂವು, ಚಕ್ರ, ತೋರಣ, ಪುಟ್ಟ ಗಾಳಿಪಟಗಳಿಂದ ಸಿಂಗರಿಸುವ ಬಗೆಯನ್ನು ತಿಳಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಬೇಕಾಗುವ ಸಾಮಗ್ರಿಗಳು ಗುಜರಾತಿನ ನಮ್ಮ ನಗರಗಳಲ್ಲಿ ದೊರೆಯುವಷ್ಟು ಸುಲಭವಾಗಿ ಬೇರೆಡೆ ದೊರೆಯುವುದು ವಿರಳ ಎಂಬುದು ನಮ್ಮ ಭಾಗ್ಯ.

ಹೊದಿಕೆ ನಮಗೆ ಹೊಸದಲ್ಲ

ಬಣ್ಣದ ಕಾಗದದಲ್ಲಿ ಉಡುಗೊರೆ ಸುತ್ತುವುದು ಪಾಶ್ಚಾತ್ಯರಿಂದ ಬಂದ ರೂಢಿ ಎಂದು ನಾವು ತಿಳಿಯುತ್ತೇವೆ. ಆದರೆ ಕಾಣಿಕೆಯನ್ನು ಮುಚ್ಚಿ, ಸಿಂಗರಿಸಿ ಕೊಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಗೌರಿ ಬಾಗಿನವನ್ನೇ ನೋಡಿ. ಅರಿಶಿನ-ಕುಂಕುಮ ಹಚ್ಚಿದ ಮೊರದೊಳಗೆ ಬಳೆ, ಬಿಚ್ಚೋಲೆ, ಕನ್ನಡಿ, ಬೇಳೆ-ಕಾಳು, ತೆಂಗಿನಕಾಯಿ, ರವಿಕೆ ಕಣಗಳನ್ನಿಟ್ಟು ಇನ್ನೊಂದು ಮೊರವನ್ನು ಮುಚ್ಚಿ, ಸೆರಗು ಹಿಡಿದು ಕೊಡುತ್ತಾರೆ. ಉತ್ತರ ಕರ್ನಾಟಕದವರು ಉಡಿ ತುಂಬುವಾಗ ಸೆರಗೇ ಹೊದಿಕೆಯಾಗುತ್ತದೆ. ವಿಜಯದಶಮಿಯಂದು ಬನ್ನಿ ಕೊಡುವಾಗ ಒಂದು ಎಲೆಯೇ ಬಂಗಾರವೆನಿಸುತ್ತದೆ. ಕರಾವಳಿಯಿಂದ ಬಂದ ಕುಟುಂಬಗಳಿಗೆ ದೀಪಾವಳಿಯ ಗೂಡುದೀಪದ ಪರಿಚಯವಿದೆ. ಬಿದಿರ ಸೀಳುಗಳ ಗೂಡಿಗೆ ಬಣ್ಣದ ಕಾಗದ ಅಂಟಿಸಿ, ಅಂಚಿಗೆ ಕತ್ತರಿಸಿದ ಕಾಗದದ ಕುಚ್ಚು ಕಟ್ಟುವ ಆ ಕೆಲಸ ಬಲ್ಲವರಿಗೆ ಉಡುಗೊರೆಯ ಸಿಂಗಾರ ಕಷ್ಟವೇ ಅಲ್ಲ.

ಗುಜರಾತಿನ ನಮ್ಮ ನೆರೆಹೊರೆಯವರಲ್ಲಿಯೂ ಇದಕ್ಕೆ ಸಮಾನವಾದ ಆಚಾರಗಳಿವೆ. ನಾವು ಮದುವೆಯಲ್ಲಿ ಮುಯ್ಯಿ ಮಾಡುವಂತೆ ಅವರು ‘ಚಾಂದ್ಲೊ’ ಕೊಡುತ್ತಾರೆ. ಹಣೆಯ ತಿಲಕಕ್ಕೂ ಅದೇ ಹೆಸರು. ನಮ್ಮ ಬಲಿಪಾಡ್ಯಮಿ ಮತ್ತು ಅವರ ಹೊಸವರ್ಷವಾದ ‘ಬೆಸ್ತು ವರಸ್’ ಎರಡೂ ಕಾರ್ತಿಕ ಶುದ್ಧ ಪಾಡ್ಯದಂದೇ ಬರುತ್ತವೆ. ಅಂದು ಇಡೀ ಊರು ಮನೆಯಿಂದ ಮನೆಗೆ ಹೋಗಿ ‘ಸಾಲ್ ಮುಬಾರಕ್’ ಹೇಳುವಾಗ ನಾವೂ ಕೈಯಲ್ಲೊಂದು ಕಾಣಿಕೆ ಹಿಡಿದು ಹೊರಡುವುದು ಸಹಜವೇ ಆಗಿದೆ. ಸಂಕ್ರಾಂತಿಯಂದು ಅವರ ಮಹಡಿಯ ಮೇಲೆ ಎಳ್ಳಿನ ಚಿಕ್ಕಿ, ಕಬ್ಬು, ಬೋರೆ ಹಣ್ಣು. ನಮ್ಮ ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬಿನ ತುಂಡು, ಎಲಚಿ ಹಣ್ಣು. ಬೋರೆ, ಎಲಚಿ ಎಂದು ಹೆಸರು ಎರಡಾದರೂ ಹಣ್ಣು ಒಂದೇ.

ಇಲ್ಲಿ ನಾವು ಯೋಚಿಸಬೇಕಾದ ಮಾತೊಂದಿದೆ. ಊರಿನಲ್ಲಿ ಮಕ್ಕಳು ಹೊಸ ಬಟ್ಟೆ ತೊಟ್ಟು, ತಟ್ಟೆ ಹಿಡಿದು ಕೇರಿಯ ಮನೆಗಳಿಗೆ ಎಳ್ಳು ಬೀರುತ್ತಿದ್ದರು. ಇಲ್ಲಿ ಕನ್ನಡದ ಮನೆಗಳು ಒಂದಕ್ಕೊಂದು ದೂರ. ಮಣಿನಗರದಿಂದ ಬೋಪಲ್‌ಗೆ ಹೋಗಿ ಬರಲು ಅರ್ಧ ದಿನವೇ ಬೇಕು. ಸಿದ್ಧ ಪೊಟ್ಟಣಗಳನ್ನು ತರಿಸಿ ಕೊರಿಯರ್ ಮೂಲಕ ಕಳುಹಿಸುವುದು ಸುಲಭವಾಗಿ ತೋರುತ್ತದೆ. ಹಾಗೆ ಕಳುಹಿಸಿದಾಗ ಎಳ್ಳೇನೋ ತಲುಪುತ್ತದೆ, ಆದರೆ ಬೀರುವ ಮಗು ಆ ಮನೆಯನ್ನು ತಲುಪುವುದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಈ ಆಚಾರದಲ್ಲಿ ತಮ್ಮದೆನ್ನುವ ಪಾಲು ಇಲ್ಲವಾದರೆ, ಮುಂದಿನ ತಲೆಮಾರಿಗೆ ಅದು ಹೆಸರಾಗಿ ಮಾತ್ರ ಉಳಿದೀತು. ತಾನೇ ಕತ್ತರಿಸಿ, ಮಡಿಸಿ, ಹೆಸರು ಬರೆದ ಪೊಟ್ಟಣವನ್ನು ತಾನೇ ಕೊಡಬೇಕೆಂದು ಯಾವ ಮಗುವೂ ಬಯಸುತ್ತದೆ. ಕಾಗದದ ಈ ಕೆಲಸದ ನಿಜವಾದ ಪ್ರಯೋಜನ ಇದೇ.

ನಮ್ಮ ಮೂರು ನಗರಗಳ ಕಾಗದದ ಸಿರಿ

1411ರಲ್ಲಿ ಸ್ಥಾಪನೆಯಾದ ಅಹಮದಾಬಾದ್ ನಗರವು ಬಟ್ಟೆಗೆ ಮಾತ್ರವಲ್ಲ, ಕಾಗದಕ್ಕೂ ಹೆಸರಾಗಿತ್ತು. ಗುಜರಾತಿನ ದಿವಾನನಾಗಿದ್ದ ಅಲಿ ಮುಹಮ್ಮದ್ ಖಾನ್ 1761ರಲ್ಲಿ ಪೂರ್ಣಗೊಳಿಸಿದ ‘ಮಿರಾತ್-ಇ-ಅಹ್ಮದಿ’ ಎಂಬ ಪಾರ್ಸಿ ಇತಿಹಾಸ ಗ್ರಂಥದಲ್ಲಿ ಇಲ್ಲಿನ ಕಾಗದದ ಬಿಳುಪನ್ನು ಹೊಗಳಲಾಗಿದೆ. ಯಂತ್ರದ ಕಾಗದ ಬಂದ ನಂತರ ದೇಶದೆಲ್ಲೆಡೆ ಈ ಕಸುಬು ಕ್ಷೀಣಿಸಿತು. 1934ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಮತ್ತೆ ಜೀವ ತುಂಬಲು ಆರಿಸಿಕೊಂಡ ಕಸುಬುಗಳಲ್ಲಿ ಕೈಕಾಗದವೂ ಒಂದು. ಸ್ವತಃ ಗಾಂಧೀಜಿಯವರು ತಮಗೆ ಬಂದ ಲಕೋಟೆಗಳನ್ನು ಬಿಡಿಸಿ ಒಳಮಗ್ಗುಲಲ್ಲಿ ಬರೆಯುತ್ತಿದ್ದುದು ಪ್ರಸಿದ್ಧವಾಗಿದೆ.

ಸಾಬರಮತಿ ಆಶ್ರಮದ ಪರಿಸರದ ‘ಕಲಮ್ ಖುಶ್’ ಎಂಬ ಕೈಕಾಗದದ ಕೇಂದ್ರವು ಹತ್ತಿಬಟ್ಟೆಯ ಚೂರುಗಳಿಂದ ಕಾಗದ ತಯಾರಿಸುವುದಕ್ಕೆ ದಶಕಗಳಿಂದ ಹೆಸರಾಗಿದೆ. ಬಟ್ಟೆಯ ಚೂರುಗಳನ್ನು ನೀರಿನಲ್ಲಿ ಅರೆದು, ತಿಳಿಯಾದ ಆ ಮುದ್ದೆಯನ್ನು ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ಒತ್ತಿ, ಒಣಗಿಸಿದರೆ ಕೈಕಾಗದ ಸಿದ್ಧವಾಗುತ್ತದೆ. ಮರ ಕಡಿಯುವ ಪ್ರಶ್ನೆಯೇ ಇಲ್ಲ. ಆಶ್ರಮದ ಪುನರಭಿವೃದ್ಧಿ ಯೋಜನೆಗೆ 2024ರ ಮಾರ್ಚ್‌ನಲ್ಲಿ ಚಾಲನೆ ದೊರೆತಿರುವುದರಿಂದ, ಅಲ್ಲಿಗೆ ಹೋಗುವವರು ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳಿತು. ಖಾದಿ ಭಂಡಾರಗಳಲ್ಲಿಯೂ ಕೈಕಾಗದ ಸಿಗುತ್ತದೆ.

ಎರಡನೆಯದು ಗಾಳಿಪಟದ ಕಾಗದ. ಜನವರಿ 14ರ ಉತ್ತರಾಯಣ ಮತ್ತು ಮರುದಿನದ ‘ವಾಸಿ ಉತ್ತರಾಯಣ’ಕ್ಕಾಗಿ ಅಹಮದಾಬಾದಿನ ಜಮಾಲ್‌ಪುರದಂತಹ ಬಡಾವಣೆಗಳಲ್ಲಿ ಅನೇಕ ಕುಟುಂಬಗಳು ತಿಂಗಳುಗಟ್ಟಲೆ ಪಟ ಕಟ್ಟುತ್ತವೆ. ಒಬ್ಬರು ಕಾಗದ ಕತ್ತರಿಸಿದರೆ ಇನ್ನೊಬ್ಬರು ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ, ಮತ್ತೊಬ್ಬರು ಬಿದಿರ ಕಡ್ಡಿ ಅಂಟಿಸುತ್ತಾರೆ. ಅಹಮದಾಬಾದಿನ ರಾಯ್‌ಪುರ ಮತ್ತು ದಿಲ್ಲಿ ಚಕಲಾ, ವಡೋದರಾದ ಗೇಂಡಿ ಗೇಟ್, ಸೂರತ್ತಿನ ಡಬಗರವಾಡ, ಇವು ಪಟದ ಮಾರುಕಟ್ಟೆಗಳು. ತೆಳುವಾದ, ಗರಿಗರಿಯಾದ, ಬೆಳಕು ಹಾಯುವ ಈ ಕಾಗದ ನಮ್ಮ ಕೆಲಸಕ್ಕೆ ಬಹಳ ಒಪ್ಪುತ್ತದೆ. ಉತ್ತರಾಯಣದ ರಾತ್ರಿ ಪಟದ ದಾರಕ್ಕೆ ಕಟ್ಟಿ ಹಾರಿಸುವ ‘ಟುಕ್ಕಲ್’ ಎಂಬ ಕಾಗದದ ದೀಪವನ್ನು ಕಂಡಾಗ ಕರಾವಳಿಯವರಿಗೆ ಗೂಡುದೀಪ ನೆನಪಾಗದಿರದು.

ಮೂರನೆಯದು ಸೂರತ್ತಿನ ಜರಿ. ಮೈಸೂರು ರೇಷ್ಮೆ ಸೀರೆಯ ಅಂಚಿನಲ್ಲಿ ಹೊಳೆಯುವ ಜರಿ ಹೋಗುವುದು ಸೂರತ್ತಿನಿಂದಲೇ. ಹಳೆಯ ಸೀರೆಯ ಅಂಚು ಅಥವಾ ಮೀಟರ್ ಲೆಕ್ಕದಲ್ಲಿ ಸಿಗುವ ಜರಿಪಟ್ಟಿ ನಮಗೆ ರಿಬ್ಬನ್ ಆಗಿ ಒದಗುತ್ತದೆ.

ವಡೋದರಾದವರಿಗೆ ಮತ್ತೊಂದು ಮಾದರಿ ಕಣ್ಣೆದುರಿಗಿದೆ. 1950ರಲ್ಲಿ ಆರಂಭವಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ 1961ರಿಂದ ‘ಫೈನ್ ಆರ್ಟ್ಸ್ ಮೇಳ’ಗಳು ನಡೆದವು. ಕೆ. ಜಿ. ಸುಬ್ರಹ್ಮಣ್ಯನ್ ಅವರಂತಹ ಹಿರಿಯ ಕಲಾವಿದರೇ ವಿದ್ಯಾರ್ಥಿಗಳ ಜೊತೆ ಕುಳಿತು ಸಾಮಾನ್ಯ ಸಾಮಗ್ರಿಗಳಿಂದ ಆಟಿಕೆಗಳನ್ನು ಮಾಡಿ ಊರಿನವರಿಗೆ ಒದಗಿಸಿದರು. ಅಗ್ಗದ ಸಾಮಗ್ರಿಯಿಂದ ಮಾಡಿದ್ದು ಕೀಳಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಾಗದದ ಗುಣ ಅರಿಯುವುದು

ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಮಲಗಿರುತ್ತವೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುವುದೋ ಆ ಕಡೆಯ ಮಡಿಕೆ ನೇರವಾಗಿ, ಅಂದವಾಗಿ ಬರುತ್ತದೆ. ಎದುರು ದಿಕ್ಕಿನ ಮಡಿಕೆಯಲ್ಲಿ ಕಾಗದ ಬಿರಿಯುತ್ತದೆ. ಕೈಕಾಗದದಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಹರಡಿಕೊಳ್ಳುವುದರಿಂದ ಈ ಭೇದ ಅಷ್ಟಾಗಿ ಕಾಣದು. ಆದರೆ ಅದು ದಪ್ಪವಾಗಿರುವುದರಿಂದ ಮಡಿಸುವ ಮುನ್ನ ಅಡಿಪಟ್ಟಿಯಿಟ್ಟು ಚಮಚದ ಹಿಡಿಯಿಂದ ಗೆರೆ ಒತ್ತಿಕೊಳ್ಳಬೇಕು. ಸ್ಥೂಲವಾಗಿ ಹೇಳುವುದಾದರೆ, ಹೊದಿಕೆಗೆ ಮತ್ತು ಹೆಸರುಚೀಟಿಗೆ ಕೈಕಾಗದ, ಹೂವಿಗೆ ಮತ್ತು ಕುಚ್ಚಿಗೆ ಪಟದ ಕಾಗದ, ಮಡಿಕೆಯ ಚಕ್ರಕ್ಕೆ ಬಣ್ಣದ ಬರವಣಿಗೆ ಹಾಳೆ ತಕ್ಕದ್ದು.

ಅಂಟಿಗಾಗಿ ಅಂಗಡಿಗೆ ಹೋಗಬೇಕಿಲ್ಲ. ಎರಡು ದೊಡ್ಡ ಚಮಚ ಮೈದಾಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ ಹೊಳಪು ಬರುತ್ತದೆ. ಆರಿದ ಮೇಲೆ ತೆಳುವಾಗಿ ಹಚ್ಚಬೇಕು. ಹೆಚ್ಚಾದರೆ ಕಾಗದ ಸುಕ್ಕುಗಟ್ಟುತ್ತದೆ. ತಂಪುಪೆಟ್ಟಿಗೆಯಲ್ಲಿಟ್ಟರೆ ಎರಡು-ಮೂರು ದಿನ ಕೆಡದು. ಹುಳು ಹಿಡಿಯದಿರಲೆಂದು ಇಂತಹ ಅಂಟಿಗೆ ಮೈಲುತುತ್ತ ಬೆರೆಸುವ ಪದ್ಧತಿಯೊಂದಿದೆ. ಅದು ವಿಷ. ಮಕ್ಕಳು ಮಾಡುವ, ತಿನಿಸು ಕಟ್ಟುವ ಈ ಕೆಲಸದಲ್ಲಿ ಅದನ್ನು ಬಳಸಲೇಬಾರದು.

ಐದು ಸಿಂಗಾರಗಳು

1. ಮಡಿಕೆಯ ಚಕ್ರ. ಎ4 ಅಳತೆಯ ಹಾಳೆಯಿಂದ ಸುಮಾರು 30 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಬೀಸಣಿಗೆಯಂತೆ ಹಿಂದೆ-ಮುಂದೆ ಅರ್ಧ ಸೆಂ.ಮೀ. ಅಂತರದಲ್ಲಿ ಮಡಿಸುತ್ತ ಹೋಗಿ. ಎರಡು ತುದಿಗಳನ್ನು ಅಂಟಿಸಿದರೆ ಬಳೆಯಂತಾಗುತ್ತದೆ. ಅದರ ಮೇಲಂಚನ್ನು ಎಲ್ಲ ಕಡೆಯಿಂದ ನಡುವಿನತ್ತ ಒತ್ತಿ ಚಪ್ಪಟೆ ಮಾಡಿದರೆ 5 ಸೆಂ.ಮೀ. ವ್ಯಾಸದ ಚಕ್ರವಾಗುತ್ತದೆ. ಹಿಂದೆ ಮತ್ತು ಮುಂದೆ ಒಂದೊಂದು ದುಂಡು ಕಾಗದ ಅಂಟಿಸಿ, ಒಣಗುವವರೆಗೆ ಮೇಲೊಂದು ಪುಸ್ತಕ ಹೇರಿಡಿ. ಪಟ್ಟಿಯ ಉದ್ದ ಅಗಲಕ್ಕಿಂತ ಸುಮಾರು 12 ಪಟ್ಟು ಇರಬೇಕೆಂಬ ಲೆಕ್ಕ ನೆನಪಿದ್ದರೆ ಯಾವ ಅಳತೆಯ ಚಕ್ರವನ್ನಾದರೂ ಮಾಡಬಹುದು. ನಡುವಿನ ದುಂಡಿನಲ್ಲಿ ದೀಪಾವಳಿಗೆ ಹಣತೆಯನ್ನೋ, ಗುಜರಾತಿ ಮಿತ್ರರಿಗೆ ‘ಶುಭ-ಲಾಭ’ ಎಂಬ ಅಕ್ಷರಗಳನ್ನೋ ಬರೆಯಬಹುದು.

2. ಚೆಂಡುಹೂ. ಗುಜರಾತಿಯಲ್ಲಿ ಇದೇ ‘ಗಲಗೋಟಾ’. ಹಳದಿ ಅಥವಾ ಕಿತ್ತಳೆ ಬಣ್ಣದ ತೆಳು ಕಾಗದದ ಆರು ತುಂಡುಗಳನ್ನು 8 ಸೆಂ.ಮೀ. ಮತ್ತು 12 ಸೆಂ.ಮೀ. ಅಳತೆಗೆ ಕತ್ತರಿಸಿ ಒಂದರ ಮೇಲೊಂದಿಡಿ. 12 ಸೆಂ.ಮೀ. ಬದಿಯ ಉದ್ದಕ್ಕೂ ಒಂದೊಂದು ಸೆಂ.ಮೀ. ಅಗಲಕ್ಕೆ ಬೀಸಣಿಗೆ ಮಡಿಕೆ ಹಾಕಿ, ನಡುವೆ ದಾರದಿಂದ ಬಿಗಿದು ಕಟ್ಟಿ. ಎರಡೂ ತುದಿಗಳನ್ನು ದುಂಡಗೆ ಕತ್ತರಿಸಿ, ಬೀಸಣಿಗೆ ಬಿಡಿಸಿ, ಒಂದೊಂದೇ ಪದರವನ್ನು ಮೆಲ್ಲಗೆ ಮೇಲೆತ್ತಿದರೆ ಹೂವು ಅರಳುತ್ತದೆ. ಅವಸರಪಟ್ಟರೆ ಕಾಗದ ಹರಿಯುವುದು ಖಂಡಿತ. ಮಕ್ಕಳಿಗೆ ಮೊದಲು ಹಳೆಯ ಕಾಗದದಲ್ಲಿ ಅಭ್ಯಾಸ ಮಾಡಿಸಿ.

3. ಮಾವಿನೆಲೆಯ ತೋರಣ. 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಹಸಿರು ಪಟ್ಟಿಯನ್ನು 2 ಸೆಂ.ಮೀ. ಅಂತರದಲ್ಲಿ ಬೀಸಣಿಗೆಯಂತೆ ಮಡಿಸಿ. ಮೇಲಿನ ಒಂದು ಸೆಂ.ಮೀ. ಬಿಟ್ಟು, ಕೆಳಗೆ ಮಾವಿನೆಲೆಯ ಆಕಾರ ಬರೆದು ಎಲ್ಲ ಪದರಗಳನ್ನೂ ಒಟ್ಟಿಗೆ ಕತ್ತರಿಸಿ. ಬಿಡಿಸಿದರೆ ಸಾಲಾಗಿ ಹತ್ತು ಎಲೆಗಳು. ಪೆಟ್ಟಿಗೆಯ ಮೇಲಂಚಿಗೆ ಸುತ್ತಲೂ ಅಂಟಿಸಿದರೆ ಬೇರೆ ರಿಬ್ಬನ್ ಬೇಡ. ಯುಗಾದಿಗೂ ಗೃಹಪ್ರವೇಶಕ್ಕೂ ಇದು ಅತ್ಯಂತ ಯೋಗ್ಯ.

4. ಪುಟ್ಟ ಗಾಳಿಪಟ. ಎಳ್ಳು-ಬೆಲ್ಲದ ಪೊಟ್ಟಣಕ್ಕೆ ಗುಜರಾತಿನಲ್ಲಿ ಇದಕ್ಕಿಂತ ಒಪ್ಪುವ ಅಲಂಕಾರವಿಲ್ಲ. 6 ಸೆಂ.ಮೀ. ಚೌಕದ ಪಟದ ಕಾಗದಕ್ಕೆ ಮೂಲೆಯಿಂದ ಮೂಲೆಗೆ ತೆಂಗಿನ ಪೊರಕೆಯ ತೆಳು ಕಡ್ಡಿಯೊಂದನ್ನು ನೇರವಾಗಿ ಅಂಟಿಸಿ. ಇನ್ನೊಂದು ಕಡ್ಡಿಯನ್ನು ನೀರಿನಲ್ಲಿ ನೆನೆಸಿ, ಬಿಲ್ಲಿನಂತೆ ಬಾಗಿಸಿ, ಉಳಿದೆರಡು ಮೂಲೆಗಳಿಗೆ ಸೇರಿಸಿ. ಕೆಳತುದಿಗೆ ಸಣ್ಣಗೆ ಸೀಳಿದ ಕಾಗದದ ಬಾಲ ಕಟ್ಟಿ. ಪಟದ ಮೇಲೆ ಮನೆಯವರ ಹೆಸರು ಬರೆದರೆ ಅದೇ ಹೆಸರುಚೀಟಿ.

5. ರಂಗೋಲಿಯ ಚೀಟಿ. ಕೈಕಾಗದದ ಚೌಕ ತುಂಡಿನ ಮೇಲೆ ದಬ್ಬಣದಿಂದ ಚುಕ್ಕಿಗಳನ್ನು ಚುಚ್ಚಿ. ಮನೆಯ ಹಿರಿಯರು ಬಲ್ಲ ಯಾವುದಾದರೂ ಚುಕ್ಕಿ ರಂಗೋಲಿಯ ಲೆಕ್ಕ ಇಲ್ಲಿ ಸಲ್ಲುತ್ತದೆ. ಚುಕ್ಕಿಗಳ ನಡುವೆ ಬಣ್ಣದ ದಾರ ಪೋಣಿಸಿದರೆ ರಂಗೋಲಿ ಮೂಡುತ್ತದೆ. ಅಜ್ಜಿಗೆ ಲೆಕ್ಕ ಗೊತ್ತು, ಮೊಮ್ಮಗಳ ಕೈಯಲ್ಲಿ ಸೂಜಿ. ಇಬ್ಬರೂ ಜೊತೆಗೆ ಕುಳಿತು ಮಾಡಬಹುದಾದ ಕೆಲಸವಿದು.

ಎಚ್ಚರಿಕೆಯ ಮಾತುಗಳು

ತಿನಿಸಿಗೆ ಬಣ್ಣದ ಕಾಗದ ನೇರವಾಗಿ ತಾಗಬಾರದು. ಪಟದ ಕಾಗದದ ಬಣ್ಣ ತೇವ ತಗುಲಿದರೆ ಬಿಡುತ್ತದೆ. ಶೇಂಗಾ, ಕೊಬ್ಬರಿ, ಎಳ್ಳಿನ ಎಣ್ಣೆ ಕಾಗದಕ್ಕೆ ಹತ್ತುತ್ತದೆ, ಸಕ್ಕರೆ ಅಚ್ಚು ತೇವ ಹೀರುತ್ತದೆ. ಆದ್ದರಿಂದ ಒಳಗೆ ಬೆಣ್ಣೆ ಕಾಗದ ಅಥವಾ ಸಣ್ಣ ಡಬ್ಬಿ ಇರಲಿ, ಅಲಂಕಾರವೆಲ್ಲ ಹೊರಗಿರಲಿ. ವೃತ್ತಪತ್ರಿಕೆಯಲ್ಲಿ ತಿನಿಸು ಕಟ್ಟುವುದು ಇನ್ನೂ ಅಪಾಯ. ಮುದ್ರಣದ ಶಾಯಿಯಲ್ಲಿ ಸೀಸದಂತಹ ಹಾನಿಕರ ವಸ್ತುಗಳಿರುವುದರಿಂದ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೂ 2023ರಲ್ಲಿಯೂ ಇದರ ವಿರುದ್ಧ ಸೂಚನೆ ನೀಡಿದೆ. ಪುಸ್ತಕ ಅಥವಾ ಬಟ್ಟೆಯ ಉಡುಗೊರೆಗಾದರೆ ಹಳೆಯ ಕನ್ನಡ ಪತ್ರಿಕೆಯ ಹಾಳೆ ಸೊಗಸಾದ ಹೊದಿಕೆಯಾಗುತ್ತದೆ.

2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿತವಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ ಮತ್ತು ಆಹ್ವಾನಪತ್ರಿಕೆಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಅಲಂಕಾರದ ಥರ್ಮಾಕೋಲ್ ಕೂಡ ಸೇರಿವೆ. ಅಂಗಡಿಯ ಮಿರುಗು ಕಾಗದ ನಿಜವಾಗಿ ಕಾಗದವೇ ಎಂದು ತಿಳಿಯಲು ಅದನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಕಾಗದ, ತಾನಾಗಿ ಬಿಡಿಸಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ ಎಂದು ತಿಳಿಯಬೇಕು. ಮಿನುಗು ಪುಡಿಯೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ಹೊಳಪು ಬೇಕಿದ್ದರೆ ಜರಿಯ ಒಂದೆಳೆ ಸಾಕು.

ಉತ್ತರಾಯಣದ ನಂತರ ಮಹಡಿಗಳ ಮೇಲೆ ಬಿದ್ದ ಪಟಗಳನ್ನು ಆಯ್ದು ಕಾಗದವನ್ನು ಜೋಪಾನವಾಗಿಡಬಹುದು. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಎಳ್ಳು ಕೊಡುವುದು ರಥಸಪ್ತಮಿಯವರೆಗೂ ನಡೆಯುವುದರಿಂದ ಅದೇ ವರ್ಷ ಉಪಯೋಗಕ್ಕೂ ಬರುತ್ತದೆ. ಆದರೆ ಗಾಜಿನ ಪುಡಿ ಹಚ್ಚಿದ ಮಾಂಜಾ ದಾರವನ್ನು ಮಕ್ಕಳು ಮುಟ್ಟದಿರಲಿ. ದೊಡ್ಡವರು ಅದನ್ನು ಬಿಡಿಸಿ, ಸಣ್ಣ ತುಂಡುಗಳಾಗಿ ಕತ್ತರಿಸಿ ಕಸಕ್ಕೆ ಹಾಕಬೇಕು. ಮರದಲ್ಲಿ ತೊಡಕಿದ ದಾರ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆ. ಗಾಯಗೊಂಡ ಹಕ್ಕಿಗಳಿಗಾಗಿ ಗುಜರಾತ್ ಸರ್ಕಾರವು 2017ರಿಂದ ಜನವರಿಯಲ್ಲಿ ‘ಕರುಣಾ ಅಭಿಯಾನ’ ನಡೆಸುತ್ತ ಬಂದಿದೆ. ಪಟ ಆಯುವ ನಮ್ಮ ಮಕ್ಕಳು ದಾರವನ್ನು ತೋರಿಸಿಕೊಟ್ಟರೆ ಅದೂ ಒಂದು ಸೇವೆ.

ಹೆಸರು ಕನ್ನಡದಲ್ಲಿರಲಿ

ಕೊನೆಯದಾಗಿ ಒಂದು ವಿನಂತಿ. ಹೆಸರುಚೀಟಿಯನ್ನು ಮಕ್ಕಳ ಕೈಯಿಂದಲೇ, ಕನ್ನಡದಲ್ಲಿಯೇ ಬರೆಯಿಸಿ. ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡಿದರೂ ಬರೆಯುವ ಸಂದರ್ಭ ಅವರಿಗೆ ಬಹಳ ಕಡಿಮೆ. ಪಾಠವೆಂದು ಕೂರಿಸಿದರೆ ಎದ್ದು ಹೋಗುವ ಮಗು, ‘ಸೋದರತ್ತೆಗೆ’, ‘ದೊಡ್ಡಪ್ಪನಿಗೆ’ ಎಂದು ಪಟದ ಮೇಲೆ ಬರೆಯಲು ಬೇಸರಪಡದು. ಒತ್ತಕ್ಷರ ತಪ್ಪಿದರೆ ಪೆನ್ಸಿಲಿನಲ್ಲಿ ತಿದ್ದಿ, ಮೇಲೆ ಬಣ್ಣ ತುಂಬಿಸಿ. ಗುಜರಾತಿ ನೆರೆಯವರ ಪೊಟ್ಟಣದಲ್ಲಿ ಎರಡು ಲಿಪಿಗಳೂ ಇರಲಿ. ಅವರ ಮಕ್ಕಳು ಕನ್ನಡದ ಅಕ್ಷರಗಳ ದುಂಡನ್ನು ನೋಡಿ ಏನೆಂದು ಕೇಳಿದಾಗ, ಹೇಳಿಕೊಡುವ ಸರದಿ ನಮ್ಮ ಮಕ್ಕಳದಾಗುತ್ತದೆ.

ಹಬ್ಬಕ್ಕೆ ಹದಿನೈದು ದಿನವಿರುವಾಗ ಒಂದು ಭಾನುವಾರ ಮಧ್ಯಾಹ್ನ ನಾಲ್ಕಾರು ಕುಟುಂಬಗಳು ಒಂದೆಡೆ ಸೇರಿದರೆ ಈ ಕೆಲಸವೆಲ್ಲ ಮುಗಿಯುತ್ತದೆ. ಹಿರಿಯರು ಅಂಟು ಕಾಯಿಸಲಿ, ತಾಯಂದಿರು ಅಳತೆ ಹಾಕಲಿ, ತಂದೆಯಂದಿರು ಕಡ್ಡಿ ಸೀಳಲಿ, ಮಕ್ಕಳು ಮಡಿಸಲಿ. ದೂರದ ಎಲ್ಲ ಮನೆಗಳಿಗೂ ಹೋಗಲಾಗದಿದ್ದರೆ ವರ್ಷಕ್ಕೆ ಎರಡು ಮನೆಗಳನ್ನಾದರೂ ಆರಿಸಿಕೊಂಡು ಮಕ್ಕಳನ್ನು ಕರೆದೊಯ್ಯಿರಿ. ಕಾಗದದ ಹೂವು ನಾಲ್ಕು ದಿನದಲ್ಲಿ ಮುದುಡೀತು, ಆದರೆ ಮಗು ಹೋಗಿ ಬಂದ ಮನೆಯ ಬಾಗಿಲು ಅದಕ್ಕೆ ಮರೆಯದು. ಮುಂಬರುವ ಹಬ್ಬಗಳು ಎಲ್ಲ ಕನ್ನಡ ಬಾಂಧವರಿಗೂ ಶುಭವನ್ನು ತರಲಿ.